ಡಿಟೆಕ್ಟ್ ಆಗ್ತಿಲ್ಲ ಅಂದ್ರೆ, ಯಾರಿಗೆ ಆಗ್ತಿಲ್ಲ?

ಈ ಎರಡು ತಿಂಗಳಲ್ಲಿ ಮೂರು ಜನ ನನಗೆ ಫೋನ್ ಮಾಡಿ ಹೇಳಿದ್ದು ಒಂದೇ ಮಾತು. "ಲ್ಯಾಪ್‌ಟಾಪ್‌ನಲ್ಲಿ ಡ್ರೈವ್ ಡಿಟೆಕ್ಟ್ ಆಗ್ತಿಲ್ಲ." ಮಾತು ಒಂದೇ, ಕಾಯಿಲೆ ಮಾತ್ರ ಮೂವರದ್ದೂ ಬೇರೆ. ಹೊಟ್ಟೆನೋವು ಅಂತ ಬಂದವರಲ್ಲಿ ಒಬ್ಬನಿಗೆ ಗ್ಯಾಸ್, ಒಬ್ಬನಿಗೆ ಕಲ್ಲು, ಇನ್ನೊಬ್ಬ ಬೆಳಿಗ್ಗೆಯಿಂದ ಏನೂ ತಿಂದೇ ಇಲ್ಲ ಅನ್ನುವ ಹಾಗೆ. ನಾನೇನು ರಿಪೇರಿ ಕೆಲಸದವನಲ್ಲ. ಮನೆಯಲ್ಲಿ ಸಣ್ಣ ಸ್ಕ್ರೂಡ್ರೈವರ್ ಸೆಟ್ ಇದೆ ಅಂತ ನೆಂಟರಿಗೆಲ್ಲ ಗೊತ್ತಾಗಿ ಹೋಗಿದೆ, ಅಷ್ಟೇ. ಆದರೆ ಈ ವಿಷಯದಲ್ಲಿ ಮೂರು ಸಂಜೆ, ಒಂದು ಭಾನುವಾರ ಮತ್ತು ಸ್ವಲ್ಪ ಮರ್ಯಾದೆ ಕಳೆದುಕೊಂಡಿರುವುದರಿಂದ ನಾಲ್ಕು ಮಾತು ಬರೆಯುವ ಹಕ್ಕು ನನಗಿದೆ ಅಂದುಕೊಂಡಿದ್ದೇನೆ.

ಮೊದಲು ನನ್ನದೇ ಕಥೆ. 2017ರಲ್ಲಿ ತಗೊಂಡ ಲ್ಯಾಪ್‌ಟಾಪ್, ಒಳಗೆ 1 ಟಿಬಿ ತಿರುಗುವ ಹಾರ್ಡ್ ಡಿಸ್ಕ್. ಆನ್ ಮಾಡಿ ಒಳಗೆ ಹೋಗಿ ಡಿಕಾಕ್ಷನ್ ಇಳಿಸಿ, ಹಾಲು ಕಾಯಿಸಿ, ಕಾಫಿ ಹಿಡಿದು ಬಂದರೂ ಪರದೆ ಮೇಲಿನ ಚಕ್ರ ತಿರುಗುತ್ತಲೇ ಇರುತ್ತಿತ್ತು. ಹಿಂದಿನ ಮುಚ್ಚಳ ಬಿಚ್ಚಿ ನೋಡಿದರೆ ಎಂ.2 ಸ್ಲಾಟ್, ಅಂದರೆ ಪಟ್ಟಿಯಂಥ ಡ್ರೈವ್ ತೂರಿಸುವ ಕಿಂಡಿ, ಒಂದು ಖಾಲಿ ಕೂತಿದೆ. ಸಂತೋಷವೋ ಸಂತೋಷ. ಅವತ್ತೇ ರಾತ್ರಿ ಆನ್‌ಲೈನ್‌ನಲ್ಲಿ 500 ಜಿಬಿ ಎನ್‌ವಿಎಂಇ ಎಸ್‌ಎಸ್‌ಡಿ ಬುಕ್ ಮಾಡಿದೆ, ತಿರುಗುವ ಭಾಗವೇ ಇಲ್ಲದ ವೇಗದ ಡ್ರೈವ್ ಅದು. ಬಂತು. ಚೂಯಿಂಗ್ ಗಮ್ ಪಟ್ಟಿಯಷ್ಟೇ ಇರುವ ವಸ್ತು, 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದ. ಅದಕ್ಕೇ ಅದನ್ನು 2280 ಅನ್ನುವುದು. ಓರೆಯಾಗಿ ತೂರಿಸಿ, ಚಿನ್ನದ ಹಲ್ಲುಗಳು ಮರೆಯಾಗುವವರೆಗೆ ಒತ್ತಿ, ಆಮೇಲೆ ಕೆಳಕ್ಕೆ ಬಗ್ಗಿಸಿ ತುದಿಗೆ ಒಂದು ಸ್ಕ್ರೂ ಹಾಕಬೇಕು. ಆ ಸ್ಕ್ರೂ ಎಲ್ಲಿ? ಎಸ್‌ಎಸ್‌ಡಿ ಬಾಕ್ಸಿನಲ್ಲೂ ಇಲ್ಲ, ಲ್ಯಾಪ್‌ಟಾಪಿನಲ್ಲೂ ಇಲ್ಲ. ಸಾಸಿವೆಗಿಂತ ಸ್ವಲ್ಪ ದೊಡ್ಡದಿರುವ ಒಂದು ಸ್ಕ್ರೂಗೋಸ್ಕರ ಬಸ್ ಹತ್ತಿ, ಕಂಪ್ಯೂಟರ್ ಬಿಡಿಭಾಗದ ಅಂಗಡಿಗಳಿರುವ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಬಂದೆ.

ಹಾಕಿದೆ. ಆನ್ ಮಾಡಿದೆ. ಬಯೋಸ್‌ನಲ್ಲಿ, ಅಂದರೆ ವಿಂಡೋಸ್‌ಗೂ ಮೊದಲು ಎದ್ದು ಯಂತ್ರದ ಭಾಗಗಳನ್ನು ಗುರುತಿಸುವ ಪ್ರೋಗ್ರಾಮಿನಲ್ಲಿ, ಹಳೆಯ ಡಿಸ್ಕ್ ಒಂದೇ. ತೆಗೆದು ಮತ್ತೆ ಹಾಕಿದೆ. ಇಲ್ಲ. ರಬ್ಬರ್‌ನಿಂದ ಹಲ್ಲು ಉಜ್ಜಿ ಹಾಕಿದೆ, ಅದು ಹಳೆಯ ರ‍್ಯಾಮ್ ಕಾಲದ ಅಭ್ಯಾಸ, ಈಗ ಯಾರೂ ಮಾಡಬೇಡಿ. ಬಯೋಸ್ ಅಪ್‌ಡೇಟ್ ಮಾಡಿದೆ. ಕೊನೆಗೆ ಯಾವುದೋ ವಿಡಿಯೋದವನ ಮಾತು ಕೇಳಿ ವಿಂಡೋಸ್ ಕೂಡ ಹೊಸದಾಗಿ ಹಾಕಿದೆ. ಬಯೋಸ್‌ಗೇ ಕಾಣದ ಡ್ರೈವ್ ವಿಂಡೋಸ್ ಬದಲಿಸಿದರೆ ಹೇಗೆ ಕಾಣುತ್ತದೆ ಅಂತ ಆ ಹೊತ್ತಿನಲ್ಲಿ ತಲೆಗೆ ಹೋಗಲೇ ಇಲ್ಲ. ಒಬ್ಬ ಅಂಗಡಿಯವನಿಗೆ ತೋರಿಸಿದರೆ ನೋಡುವ ಮೊದಲೇ "ಪೀಸ್ ಡೆಡ್ ಸಾರ್" ಅಂದ. ಗೆಳೆಯನ ಹೊಸ ಲ್ಯಾಪ್‌ಟಾಪಿಗೆ ಹಾಕಿದರೆ ಅದೇ ಡೆಡ್ ಪೀಸ್ ಎದ್ದು ಕೂತಿತು!

ಉತ್ತರ ಸಿಕ್ಕಿದ್ದು ಎಲ್ಲಿ ಗೊತ್ತಾ? ಆ ಮಾಡೆಲ್ಲಿನ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ. ನೂರಕ್ಕೂ ಜಾಸ್ತಿ ಪುಟದ ಪಿಡಿಎಫ್‌ನ ಒಂದು ಕೋಷ್ಟಕದ ಮೂಲೆಯಲ್ಲಿ ಒಂದೇ ಸಾಲು. ಈ ಎಂ.2 ಸ್ಲಾಟ್ ಸಾಟಾಗೆ ಮಾತ್ರ.

ವಿಷಯ ಇಷ್ಟೇ. ಎಂ.2 ಅನ್ನುವುದು ಕಿಂಡಿಯ ಆಕಾರದ ಹೆಸರು, ಒಳಗಿನ ಭಾಷೆಯ ಹೆಸರಲ್ಲ. ಆ ಕಿಂಡಿಯ ಹಿಂದೆ ಸಾಟಾ ತಂತಿ ಇರಬಹುದು, ಪಿಸಿಐ ಎಕ್ಸ್‌ಪ್ರೆಸ್ ತಂತಿ ಇರಬಹುದು, ಎರಡೂ ಇರಬಹುದು. ಎರಡೂ ಡ್ರೈವ್‌ಗೂ ಮದರ್‌ಬೋರ್ಡ್‌ಗೂ ನಡುವೆ ಡೇಟಾ ಓಡಾಡುವ ದಾರಿಗಳು. ಸಾಟಾ ಹಳೆಯದು, ಸೆಕೆಂಡಿಗೆ ಸುಮಾರು 550 ಎಂಬಿ ಅದರ ಮಿತಿ. ಎನ್‌ವಿಎಂಇ ಡ್ರೈವ್ ಮಾತಾಡುವುದು ಪಿಸಿಐ ಎಕ್ಸ್‌ಪ್ರೆಸ್ ಮೇಲೆ. ಅದರ ಮೂರನೇ ತಲೆಮಾರಿನ ಡ್ರೈವ್‌ಗಳೇ 3,500 ಎಂಬಿ ತನಕ ಹೋಗುತ್ತವೆ. ಎನ್‌ವಿಎಂಇ ಕಡ್ಡಿಗೆ ಚಿನ್ನದ ಹಲ್ಲುಗಳ ನಡುವೆ ಸಾಮಾನ್ಯವಾಗಿ ಒಂದೇ ಕಚ್ಚು ಇರುತ್ತದೆ, ಎಂ.2 ಸಾಟಾ ಕಡ್ಡಿಗೆ ಎರಡು. ಎಷ್ಟೋ ಲ್ಯಾಪ್‌ಟಾಪ್‌ಗಳ ಸ್ಲಾಟಿಗೆ ಎರಡೂ ಸಲೀಸಾಗಿ ಕೂರುತ್ತವೆ, ಸ್ಕ್ರೂ ಕೂಡ ಸರಿಯಾಗಿ ಹಿಡಿಯುತ್ತದೆ. ಕೂತಿದೆಯಲ್ಲ, ಸರಿ ಇರಬೇಕು ಅಂತ ನಾವು ನಂಬಿಬಿಡುತ್ತೇವೆ.

ನನ್ನ ಸಿಟ್ಟು ಇಲ್ಲೇ ಇರುವುದು. ಬಚ್ಚಲು ಮನೆ ಗೀಸರ್‌ನ 16 ಆಂಪ್ ಪ್ಲಗ್ಗನ್ನು ಹಾಲ್‌ನ 6 ಆಂಪ್ ಸಾಕೆಟ್ಟಿಗೆ ಹಾಕಿ ನೋಡಿ, ಹೋಗುವುದೇ ಇಲ್ಲ. ಅದನ್ನು ಮಾಡಿದವನಿಗೆ ಇದ್ದ ಬುದ್ಧಿ ಇವರಿಗೆ ಯಾಕಿಲ್ಲ? ಸರಿ, ಆಕಾರ ಒಂದೇ ಇರಲಿ. ಮದರ್‌ಬೋರ್ಡ್ ಮೇಲೆ ಅಕ್ಕಿಕಾಳಿನಷ್ಟು ಜಾಗದಲ್ಲಿ ಏನೇನೋ ನಂಬರ್ ಅಚ್ಚು ಹಾಕುವವರಿಗೆ, ಆ ಸ್ಲಾಟಿನ ಪಕ್ಕ "ಸಾಟಾ ಮಾತ್ರ" ಅಂತ ಎರಡು ಪದ ಹಾಕುವುದಕ್ಕೆ ಏನು ಕಷ್ಟ? ಡಬ್ಬಿ ಮೇಲೆ "ಎಂ.2 ಸ್ಲಾಟ್ ಇದೆ" ಅಂತ ದೊಡ್ಡದಾಗಿ ಹಾಕುತ್ತಾರೆ, ಅದರ ಜಾತಿ ಮಾತ್ರ ಹೇಳುವುದಿಲ್ಲ. ಇನ್ನು ಕೆಲವು ಮಾಡೆಲ್‌ಗಳಲ್ಲಿ ಎರಡೂವರೆ ಇಂಚಿನ ಡ್ರೈವ್‌ಗೆ ಜಾಗ ಇರುತ್ತದೆ, ಆದರೆ ಅದಕ್ಕೆ ಬೇಕಾದ ರಿಬ್ಬನ್ ಕೇಬಲ್ಲೂ ತಗಡಿನ ಚೌಕಟ್ಟೂ ಬೇರೆಯಾಗಿ ಕೊಳ್ಳಬೇಕು. ಮನೆ ಕೊಟ್ಟು ಬಾಗಿಲು ಆಮೇಲೆ ತಗೋ ಅಂದ ಹಾಗೆ.

ಅದಿರಲಿ. ಮೂರು ಫೋನ್ ಅಂದೆನಲ್ಲ. ಒಂದು ಅಕ್ಕನ ಮಗನದು, ಹಾಸ್ಟೆಲ್‌ನಿಂದ.

"ಮಾಮಾ, ದುಡ್ಡು ದಂಡ ಆಯ್ತು. 1 ಟಿಬಿ ಹಾಕಿದೀನಿ, ಕಾಣ್ತಾನೇ ಇಲ್ಲ."

"ಯಾರಿಗೆ ಕಾಣ್ತಿಲ್ಲ?"

"ಅಂದ್ರೆ?"

"ಬಯೋಸ್‌ಗಾ, ವಿಂಡೋಸ್‌ಗಾ, ನಿಂಗಾ?"

ನಾನು ಈಗ ಎಲ್ಲರಿಗೂ ಮೊದಲು ಕೇಳುವುದು ಇದನ್ನೇ. ಬಯೋಸ್‌ಗೇ ಕಾಣದಿದ್ದರೆ ತೊಂದರೆ ಕಬ್ಬಿಣದ ಕಡೆಯದ್ದು. ಸರಿಯಾಗಿ ಕೂತಿಲ್ಲ, ಕೇಬಲ್ ಸಡಿಲ, ಜಾತಿ ಬೇರೆ, ಆ ಪೋರ್ಟನ್ನು ಬಯೋಸ್‌ನಲ್ಲೇ ಆಫ್ ಮಾಡಿದ್ದಾರೆ, ಅಥವಾ ನಿಜವಾಗಿಯೂ ಸತ್ತಿದೆ. ಬಯೋಸ್‌ಗೆ ಕಂಡು ನಮಗೆ ಕಾಣದಿದ್ದರೆ ಸ್ಕ್ರೂಡ್ರೈವರ್ ಕೆಳಗಿಡಿ, ಅದರ ಕೆಲಸ ಮುಗೀತು. ಹುಡುಗನ ಬಯೋಸ್‌ನಲ್ಲಿ ಡ್ರೈವ್‌ನ ಹೆಸರು ಕಾಣುತ್ತಿತ್ತು. ವಿಂಡೋಸ್ ಕೀ ಜೊತೆ ಎಕ್ಸ್ ಒತ್ತಿಸಿ, ಡ್ರೈವ್‌ಗಳನ್ನು ನೋಡಿಕೊಳ್ಳುವ ವಿಂಡೋಸ್‌ನದೇ ಡಿಸ್ಕ್ ಮ್ಯಾನೇಜ್‌ಮೆಂಟ್ ತೆಗೆಸಿದೆ. ಕೆಳಗೆ ಕಪ್ಪು ಪಟ್ಟಿ, "ಅನ್‌ಅಲೊಕೇಟೆಡ್". ಪಕ್ಕದಲ್ಲಿ "ನಾಟ್ ಇನಿಶಿಯಲೈಸ್ಡ್". ಅಂದರೆ ಸೈಟ್ ರಿಜಿಸ್ಟರ್ ಆಗಿದೆ, ಮನೆ ಕಟ್ಟಿಲ್ಲ. ಡ್ರೈವ್ ಭಾಗ ಮಾಡುವ ಹೊಸ ಪದ್ಧತಿಯಾದ ಜಿಪಿಟಿ ಆರಿಸಿಕೊಳ್ಳಲು ಹೇಳಿದೆ, ಆಮೇಲೆ ಹೊಸ ವಾಲ್ಯೂಮ್, ಅದಕ್ಕೆ ಡಿ, ಇ ಥರ ಒಂದು ಅಕ್ಷರ, ಮುಗೀತು. ಐದು ನಿಮಿಷ ಕೂಡ ಹಿಡಿಯಲಿಲ್ಲ. ತಕ್ಷಣ ಮತ್ತೆ ಫೋನ್: "ಮಾಮಾ, 931 ಜಿಬಿ ಅಷ್ಟೇ ತೋರಿಸ್ತಿದೆ, ಮೋಸ!" ಮೋಸ ಅಲ್ಲಪ್ಪ, ಕಂಪನಿ ಸಾವಿರದ ಲೆಕ್ಕದಲ್ಲಿ ಎಣಿಸುತ್ತದೆ, ವಿಂಡೋಸ್ 1,024ರ ಲೆಕ್ಕದಲ್ಲಿ.

ಎರಡನೆಯದು ಆಫೀಸಿನ ಗೆಳೆಯ. ಹೊಸ ಲ್ಯಾಪ್‌ಟಾಪಿಗೆ ವಿಂಡೋಸ್ ಹಾಕಲು ಹೊರಟರೆ ಡ್ರೈವ್‌ಗಳ ಪಟ್ಟಿಯೇ ಖಾಲಿ. ಇಂಟೆಲ್‌ನ 11ನೇ ಪೀಳಿಗೆಯ ಪ್ರೊಸೆಸರ್‌ನಿಂದ ಈಚಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಡ್ರೈವ್‌ಗಳನ್ನು ನಿಭಾಯಿಸುವ ವಿಎಂಡಿ ಅಂತ ಒಂದು ವ್ಯವಸ್ಥೆ ಇರುತ್ತದೆ, ಅದು ಆನ್ ಇದ್ದರೆ ಇನ್‌ಸ್ಟಾಲರ್‌ಗೆ ಡ್ರೈವ್ ಕಾಣದೆ ಹೋಗಬಹುದು. ಕಂಪನಿಯ ಸೈಟಿನಿಂದ ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ಡ್ರೈವರ್ ತೆಗೆದು ಪೆನ್‌ಡ್ರೈವ್‌ಗೆ ಹಾಕಿ, ಅಲ್ಲೇ "ಲೋಡ್ ಡ್ರೈವರ್" ಕೊಟ್ಟರೆ ಸರಿ ಹೋಗುತ್ತದೆ. ಬಯೋಸ್‌ನಲ್ಲಿ ವಿಎಂಡಿ ಆಫ್ ಮಾಡಿದರೂ ಆಗುತ್ತದೆ, ಆದರೆ ಮೊದಲೇ ವಿಂಡೋಸ್ ಇರುವ ಯಂತ್ರದಲ್ಲಿ ಸುಮ್ನೆ ಆಫ್ ಮಾಡಿದರೆ ಮುಂದಿನ ಸಲ ನೀಲಿ ಪರದೆಯೇ ಬರಬಹುದು.

ಮೂರನೆಯದು ಎದುರು ಮನೆ ಆಂಟಿಯದು. ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ. ಅವರ ಹಳೆಯ ಲ್ಯಾಪ್‌ಟಾಪ್ ಕೆಟ್ಟಿತ್ತು, ಅದರ ಹಾರ್ಡ್ ಡಿಸ್ಕ್ ತೆಗೆಸಿ ಯುಎಸ್‌ಬಿ ಡಬ್ಬಿಯಲ್ಲಿ ಹಾಕಿಸಿಕೊಂಡು ಬಂದಿದ್ದರು. ಮೊಮ್ಮಗಳ ನಾಮಕರಣದ ಫೋಟೋ ಎಲ್ಲ ಅದರಲ್ಲೇ. ಚುಚ್ಚಿದರೆ ಡಿಸ್ಕ್ ಮ್ಯಾನೇಜ್‌ಮೆಂಟ್ ಅದೇ ಪ್ರಶ್ನೆ ಕೇಳುತ್ತಿದೆ, ಇನಿಶಿಯಲೈಸ್ ಮಾಡಲಾ? ಯಾರೋ ಅವರಿಗೆ "ಓಕೆ ಕೊಡಿ ಆಂಟಿ, ಬಂದುಬಿಡುತ್ತೆ" ಅಂದಿದ್ದಾರೆ. ಪುಣ್ಯಕ್ಕೆ ಓಕೆ ಒತ್ತುವ ಮೊದಲು ನನ್ನನ್ನು ಕರೆದರು. ಹೊಸ ಡ್ರೈವ್‌ಗೆ ಮದ್ದಾಗುವ ಗುಂಡಿ, ಫೋಟೋ ಇರುವ ಡ್ರೈವ್‌ಗೆ ವಿಷ. ಆ ಡಬ್ಬಿಯಿಂದ ತೆಗೆದು ನೇರವಾಗಿ ನನ್ನ ಹಳೆಯ ಲ್ಯಾಪ್‌ಟಾಪಿನ ಸಾಟಾ ಕನೆಕ್ಟರ್‌ಗೆ ಹಾಕಿದೆ. ಫೋಲ್ಡರ್‌ಗಳು ಒಂದೊಂದಾಗಿ ಬಂದವು. ತೊಂದರೆ ಡಬ್ಬಿಯದ್ದು. ಆಂಟಿ ತೊಟ್ಟಿಲ ಫೋಟೋ ನೋಡುತ್ತಾ ಕೂತುಬಿಟ್ಟರು, ಕಾಪಿ ಮುಗಿಯುವವರೆಗೆ ನನಗೆ ಎರಡು ಸಲ ಉಪ್ಪಿಟ್ಟು ಬಡಿಸಿದರು.

ವಿಡಿಯೋಗಳ ವಿಷಯ ಹೇಳದಿದ್ದರೆ ನಿದ್ದೆ ಬರಲ್ಲ. ಎರಡೇ ನಿಮಿಷದಲ್ಲಿ ಪರಿಹಾರ ಅಂತ ಶುರು ಮಾಡಿ ಕಮಾಂಡ್ ಟೈಪ್ ಮಾಡಿ ಡಿಸ್ಕ್ ಭಾಗ ಮಾಡುವ ಡಿಸ್ಕ್‌ಪಾರ್ಟ್ ನೇರ ತೆಗೆಸಿ "ಕ್ಲೀನ್" ಅಂತ ಟೈಪ್ ಮಾಡಿಸುತ್ತಾರೆ. ಆ ಕಮಾಂಡ್ ಎರಡನೇ ಸಲ ಕೇಳುವುದಿಲ್ಲ, ಖಚಿತವಾ ಅನ್ನುವುದೂ ಇಲ್ಲ. ಆಯ್ಕೆ ಮಾಡಿದ ಡಿಸ್ಕಿನ ಪಾರ್ಟಿಷನ್ ಎಲ್ಲ ಅಳಿಸಿ ಹಾಕುತ್ತದೆ. ಡಿಸ್ಕ್ 2 ಅನ್ನುವಲ್ಲಿ 1 ಅಂತ ಒತ್ತಿದವನ ಗತಿ ಏನು?

ನನ್ನ ಎನ್‌ವಿಎಂಇ ಕಡ್ಡಿಯ ವಾಪಸ್ ಕೊಡುವ ಅವಧಿ ನಾನು ರಬ್ಬರ್ ಉಜ್ಜುವಷ್ಟರಲ್ಲಿ ಮುಗಿದಿತ್ತು. ಲ್ಯಾಪ್‌ಟಾಪಿಗೆ ಬೇರೆ ಎಂ.2 ಸಾಟಾ ತಂದು ಹಾಕಿದೆ, ಈಗ ಕಾಫಿಗೆ ಎದ್ದು ಹೋಗುವಷ್ಟು ಪುರುಸೊತ್ತು ಕೊಡುವುದಿಲ್ಲ. ಹಳೇ ಕಡ್ಡಿಗೆ ಒಂದು ಯುಎಸ್‌ಬಿ ಡಬ್ಬಿ ತರೋಣ ಅಂತ ಮತ್ತೆ ಎಸ್.ಪಿ. ರೋಡ್. ಕೌಂಟರ್‌ನಲ್ಲಿ ಒಬ್ಬ ಹುಡುಗ ಇದ್ದ.

"ಇದು ಎನ್‌ವಿಎಂಇಗಾ, ಸಾಟಾಗಾ?"

"ಎಂ.2 ಸಾರ್."

"ಅದು ಗೊತ್ತು ಗುರು. ಯಾವುದಕ್ಕೆ?"

ಡಬ್ಬಿ ಹಿಂದೆ ಮುಂದೆ ತಿರುಗಿಸಿ ನೋಡಿದ. "ಎರಡಕ್ಕೂ ಆಗುತ್ತೆ ಸಾರ್, ಹಾಕ್ಕೊಳ್ಳಿ."

ನಾನು ಜೇಬಿನಿಂದ ಕಡ್ಡಿ ತೆಗೆದು ಕೌಂಟರ್ ಮೇಲಿಟ್ಟೆ. "ಇಲ್ಲೇ ಹಾಕಿ ತೋರಿಸು, ಆಮೇಲೆ ದುಡ್ಡು." ನನ್ನ ಮುಖ ಒಂದು ಸಲ ನೋಡಿ, ಅವರ ಮಾಲೀಕರ ಮುಖ ಒಂದು ಸಲ ನೋಡಿ, ಡಬ್ಬಿಯ ಪ್ಲಾಸ್ಟಿಕ್ ಹರಿದ.