ಹಿತ್ತಲಿನ ಕೆಂಪು ಕರಂಟ್

"ಹಿತ್ತಲಲ್ಲಿ ಕೆಂಪು ಕರಂಟ್ ನೆಟ್ಟಿದ್ದೇನೆ" ಅಂತ ಹಾಸನಕ್ಕೆ ಫೋನ್ ಮಾಡಿ ಹೇಳಿದೆ. ಅಮ್ಮ ಕೇಳಿದ್ದು ಒಂದೇ: "ಶಾಕ್ ಹೊಡೆಯಲ್ವೇನೋ?"

ಗ್ರೀಸಿನ ಕೊರಿಂಥ್ ಊರಿನ ಒಣದ್ರಾಕ್ಷಿಯ ಹೆಸರು ಇಂಗ್ಲಿಷರ ಬಾಯಲ್ಲಿ ಕರಂಟ್ ಆಗಿ, ದ್ರಾಕ್ಷಿಯೇ ಅಲ್ಲದ ಈ ಹುಳಿಹಣ್ಣಿನ ಪೊದೆಗೂ ಅಂಟಿಕೊಂಡಿತಂತೆ. ನಾನಿರುವ ಜರ್ಮನಿಯಲ್ಲಿ ಇದು ಯೊಹಾನಿಸ್‌ಬೇರೆ, ಅಂದರೆ ಯೊಹಾನನ ಹಣ್ಣು. ಜೂನ್ 24ರ ಸಂತ ಯೊಹಾನನ ಹಬ್ಬದ ಹೊತ್ತಿಗೆ ಹಣ್ಣಾಗುತ್ತದೆ, ಅದಕ್ಕೇ ಆ ಹೆಸರು.

ಪಕ್ಕದ ಮನೆಯ ಅಜ್ಜಿ ಎಲೆ ಉದುರುವ ಕಾಲದಲ್ಲಿ ಗೇಣುದ್ದದ ಕಡ್ಡಿ ಕೊಟ್ಟಿದ್ದರು. ದಾಸವಾಳದ ಕಡ್ಡಿ ಊರಿದಂತೆ ಊರಿದೆ, ಚಿಗುರಿತು. ಮೂರನೇ ಬೇಸಿಗೆಗೆ ಗೊಂಚಲು ಇಳಿಬಿಟ್ಟಿತು. ಒಂದು ಹಣ್ಣನ್ನು ಬಿಸಿಲಿಗೆ ಹಿಡಿದರೆ ಕೆಂಪು ಗಾಜಿನ ಗೋಲಿ. ಒಳಗಿನ ಬೀಜ ಎಣಿಸಬಹುದು, ಸಿಪ್ಪೆಯ ಗೆರೆಗಳೂ ಕಾಣುತ್ತವೆ. ಬಾಯಿಗೆ ಹಾಕಿದರೆ ಒಂದು ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ.

ಆ ಚಳಿಗಾಲ ನನ್ನ ಕೈ ಸುಮ್ನಿರಲಿಲ್ಲ. ಒಂದು ವಿಡಿಯೋ ನೋಡಿ ಹಳೇ ಕೊಂಬೆಗಳನ್ನೆಲ್ಲ ಕತ್ತರಿಸಿದೆ. ಮುಂದಿನ ವರ್ಷ ಎಲೆಯೋ ಎಲೆ, ಹಣ್ಣು ಮಾತ್ರ ಹಿಡಿಯಷ್ಟೂ ಇಲ್ಲ. ನಾನು ನೋಡಿದ್ದು ಕಪ್ಪು ಕರಂಟಿನ ವಿಡಿಯೋ! ಕಪ್ಪು ಹೆಚ್ಚಾಗಿ ಹಿಂದಿನ ವರ್ಷದ ಚಿಗುರಿನಲ್ಲಿ ಕಾಯುತ್ತದೆ. ಕೆಂಪಿಗೆ ಎರಡು ಮೂರು ವರ್ಷದ ಕೊಂಬೆಯೇ ಬೇಕು. ಅಜ್ಜಿ ಪೊದೆ ನೋಡಿ ಏನೂ ಹೇಳಲಿಲ್ಲ. ಬೈದಿದ್ದರೇ ವಾಸಿಯಿತ್ತು.

ಈಗ ಕತ್ತರಿ ದೂರ ಇಟ್ಟಿದ್ದೇನೆ, ಬಲೆ ಹೊದಿಸುವುದನ್ನು ಕಲಿತಿದ್ದೇನೆ. ಇಲ್ಲಿನ ಕರಿಹಕ್ಕಿ ಆಮ್ಸೆಲ್‌ಗೆ ಹಣ್ಣಾದ ದಿನ ನನಗಿಂತ ಮೊದಲೇ ಗೊತ್ತಾಗುತ್ತದೆ. ಬಿಡಿಸುವ ಕೆಲಸ ಸುಲಭ: ಗೊಂಚಲನ್ನು ಫೋರ್ಕಿನ ಹಲ್ಲಿಗೆ ಸಿಕ್ಕಿಸಿ ಎಳೆದರೆ ಹಣ್ಣುಗಳು ಪಟಪಟ ಬಟ್ಟಲಿಗೆ ಬೀಳುತ್ತವೆ. ಇಲ್ಲಿಯವರು ಸಕ್ಕರೆ ಸುರಿದು ಜೆಲ್ಲಿ ಮಾಡುತ್ತಾರೆ. ನನಗದು ಹುಳಿಗೆ ಮಾಡಿದ ಅವಮಾನ ಅನ್ನಿಸುತ್ತದೆ. ಇಂಗು, ಒಣಮೆಣಸು, ಬೆಲ್ಲದ ಜೊತೆ ಕುದಿಸಿದರೆ ಅಚ್ಚುಕಟ್ಟಾದ ಗೊಜ್ಜು. ಹುಣಸೆ ತೀರಿದ ದಿನ ಸಾರಿಗೂ ಆದೀತು.

ಅಮ್ಮ ಒಂದು ಕಡ್ಡಿ ತಾ ಅಂದಳು. ವಾರಗಟ್ಟಲೆ ಗಟ್ಟಿ ಚಳಿ ಇಲ್ಲದಿದ್ದರೆ ಇದು ಹೂ ಬಿಡಲ್ಲ ಅಂದೆ. ಸ್ವಲ್ಪ ಬೇಜಾರಾಯಿತೇನೋ. ಆದರೂ ಪ್ರತಿ ಜೂನಿನಲ್ಲಿ ತಪ್ಪದೆ ಫೋನ್ ಬರುತ್ತದೆ:

"ಹೋದ ವರ್ಷ ಹೋಗಿದ್ದ ಕರೆಂಟು, ಈ ಸಲ ಬಂತೇನೋ?"