ಅಭಿಪ್ರಾಯಕ್ಕೂ ರೇಂಜ್ ಬೇಕು

ಮಲೆನಾಡಿನಲ್ಲಿ ಸಿಟ್ಟು ತಡವಾಗಿ ಬರುತ್ತಿದ್ದ ಕಾಲವೊಂದಿತ್ತು. ಪೇಪರು ಬೆಳಗಿನ ಬಸ್ಸಿಗೆ ತೀರ್ಥಹಳ್ಳಿ ಮುಟ್ಟಿ, ಅಲ್ಲಿಂದ ಇನ್ನೊಂದು ಬಸ್ಸು ಹತ್ತಿ, ತಿರುವುಗಳನ್ನೆಲ್ಲ ಸುತ್ತಿ ಊರಿನ ಅಂಗಡಿಗೆ ಬರುವ ಹೊತ್ತಿಗೆ ಮಧ್ಯಾಹ್ನದ ಊಟವಾಗಿರುತ್ತಿತ್ತು. ಉಂಡ ಮೇಲೆ ಯಾರಿಗೆ ಸಿಟ್ಟು ಬರುತ್ತೆ ಹೇಳಿ? ಎಲೆಅಡಿಕೆಯ ಕವಳ ಹಾಕಿಕೊಂಡು, ಕನ್ನಡಕ ಏರಿಸಿ, ಸರ್ಕಾರ ಬಿದ್ದ ಸುದ್ದಿಯನ್ನೂ ಅಡಿಕೆ ಧಾರಣೆಯನ್ನೂ ಒಂದೇ ರಾಗದಲ್ಲಿ ಓದುತ್ತಿದ್ದರು. ಮಳೆಗಾಲದಲ್ಲಿ ಮರ ಬಿದ್ದು ಬಸ್ಸು ನಿಂತರೆ ಎರಡು ದಿನದ ಪೇಪರು ಒಟ್ಟಿಗೇ ಬರುತ್ತಿತ್ತು. ಮೊದಲ ದಿನ ರಾಜೀನಾಮೆ ಕೊಡುತ್ತೇನೆ ಎಂದಿದ್ದ ಮಂತ್ರಿ ಎರಡನೇ ದಿನ, ನಾನು ಹಾಗೆ ಹೇಳೇ ಇಲ್ಲ ಎಂದಿರುತ್ತಿದ್ದ. ಎರಡನ್ನೂ ಒಂದೇ ಸಲ ಕೂತು ಓದಿದವನಿಗೆ ಬೇರೆ ಅಭಿಪ್ರಾಯ ಬೇಕಾಗುತ್ತಿರಲಿಲ್ಲ.

ಈಗ ಫೋನಿಗೆ ರೇಂಜ್ ಸಿಕ್ಕಿದರೆ ಸಾಕು, ಸಿಟ್ಟು ತಿಂಡಿಗೆ ಮೊದಲೇ ಬರುತ್ತದೆ. ಆದರೆ ಆ ರೇಂಜ್ ಸಿಗಬೇಕಲ್ಲ! ನಮ್ಮ ಕಡೆ ಅದು ಎಲ್ಲೆಲ್ಲಿ ಸಿಗುತ್ತದೆ ಎಂಬುದು ಚಿಕ್ಕ ಮಕ್ಕಳಿಗೂ ಬಾಯಿಪಾಠ. ಅಂಗಳದ ತುಳಸಿಕಟ್ಟೆಯ ಬಲಬದಿಗೆ ಒಂದು ಕಡ್ಡಿ. ಕೊಟ್ಟಿಗೆ ಹಿಂದಿನ ದಿಬ್ಬದಲ್ಲಿ ಎರಡು. ರಸ್ತೆ ತಿರುವಿನ ಮೋರಿಕಟ್ಟೆ ಮೇಲೆ ಕೂತರೆ ಮೂರು. ಹಾಗಾಗಿ ಸಂಜೆ ಆರಕ್ಕೆ ಅಡಿಕೆ ತೋಟದವರು, ನಿವೃತ್ತ ಮೇಷ್ಟ್ರು, ಹಾಲಿನ ಡೈರಿಯ ಹುಡುಗ, ರಜೆಗೆ ಬೆಂಗಳೂರಿಂದ ಬಂದ ಸಾಫ್ಟ್‌ವೇರ್ ಮಕ್ಕಳು, ಎಲ್ಲ ಮೋರಿಕಟ್ಟೆಯಲ್ಲಿ ಹಾಜರು. ಮಳೆ ಬಂದರೆ ಕೊಡೆ ಬಿಚ್ಚಿಕೊಂಡು ಕೂರುತ್ತಾರೆ. ಆಗುಂಬೆಯ ಸುತ್ತಮುತ್ತ ವರ್ಷಕ್ಕೆ 7000 ಮಿಲಿಮೀಟರ್ ಮೀರಿ ಮಳೆ ಹೊಯ್ಯುವ ಕಡೆ ಕೊಡೆ ಹಿಡಿಯಲು ಒಂದು ಕೈ ಖಾಯಂ ಹೋಯಿತು. ಉಳಿದ ಒಂದು ಕೈಯ ಹೆಬ್ಬೆರಳಿನಲ್ಲಿ ದೇಶದ ಸಮಸ್ಯೆಗಳನ್ನೆಲ್ಲ ಬಗೆಹರಿಸಬೇಕು.

ಕರೆಂಟು ಹೋಯಿತೋ, ಟವರಿನ ಬ್ಯಾಟರಿ ಸ್ವಲ್ಪ ಹೊತ್ತು ಎಳೆಯುತ್ತದೆ. ಆಮೇಲೆ ಅದೂ ಮಲಗುತ್ತದೆ. ಎಷ್ಟೋ ದೊಡ್ಡ ದೊಡ್ಡ ವಾದಗಳು ಹೀಗೆ ಅರ್ಧಕ್ಕೇ ನಿಂತಿವೆ. ಒಬ್ಬರು ಬೈದ ಸಂದೇಶ ಹೋಗಿರುತ್ತದೆ, ಇನ್ನೊಬ್ಬರ ಉತ್ತರ ಸುತ್ತುತ್ತಲೇ ಇರುತ್ತದೆ. ಮೂರು ದಿನ ಬಿಟ್ಟು ಕರೆಂಟು ಬಂದಾಗ ಆ ಉತ್ತರ ತಾನಾಗಿಯೇ ಹೋಗಿ ಮುಟ್ಟುತ್ತದೆ. ಅಷ್ಟರಲ್ಲಿ ಇಬ್ಬರೂ ಒಂದೇ ಮದುವೆ ಪಂಕ್ತಿಯಲ್ಲಿ ಕೂತು ಹೋಳಿಗೆ ತಿಂದಿರುತ್ತಾರೆ.

ಸುಳ್ಳು ಸುದ್ದಿ ತಡೆಯಲು ವಾಟ್ಸಾಪ್‌ನವರು 2018ರಲ್ಲಿ ಭಾರತದವರು ಒಂದು ಸಲಕ್ಕೆ ಐದೇ ಕಡೆ ಫಾರ್ವರ್ಡ್ ಮಾಡಬಹುದು ಎಂದು ಕಟ್ಟು ಹಾಕಿದರು. 2020ರಲ್ಲಿ, ಬಹಳ ಸಲ ಕೈ ದಾಟಿ ಬಂದದ್ದನ್ನು ಒಂದು ಸಲಕ್ಕೆ ಒಂದೇ ಕಡೆ ಎಂದರು. ಪಾಪ, ಅವರಿಗೆ ನಮ್ಮ ಕಡೆಯ ಸ್ಥಿತಿ ಗೊತ್ತಿಲ್ಲ. ಮನೆಯವರದ್ದೊಂದು ಗುಂಪು, ದೇವಸ್ಥಾನ ಸಮಿತಿಯದ್ದೊಂದು, ಸೊಸೈಟಿಯದ್ದೊಂದು, ಅಡಿಕೆ ಧಾರಣೆಯದ್ದೊಂದು, ಹೈಸ್ಕೂಲಿನ ಹಳೆ ಹುಡುಗರದ್ದೊಂದು. ಐದಾಯಿತು, ಅರ್ಧ ತಾಲ್ಲೂಕು ಮುಗಿಯಿತು!

ಮೋರಿಕಟ್ಟೆಯ ಮಾತು ಕೇಳಿ ಕೇಳಿ ನನಗೆ ಅನಿಸಿದ್ದು ಇಷ್ಟು. ವಿಷಯ ಎಷ್ಟು ದೂರದ್ದೋ ಅಭಿಪ್ರಾಯ ಅಷ್ಟು ಗಟ್ಟಿ. ಹತ್ತಿರ ಬಂದ ಹಾಗೆ ಮೆತ್ತಗಾಗುತ್ತದೆ. ಮನೆ ಬಾಗಿಲಿಗೇ ಬಂದರೆ ಒಬ್ಬರಿಗೇ ಎರಡೆರಡು ಅಭಿಪ್ರಾಯ.

2025ರಲ್ಲಿ ಅಮೆರಿಕದವರು ನಮ್ಮ ಸರಕಿಗೆ ಶೇಕಡ 50 ಸುಂಕ ಹಾಕಿದಾಗ ಏನು ಮಾಡಬೇಕು ಎಂಬುದು ಮೋರಿಕಟ್ಟೆಯಲ್ಲಿ ಒಂದು ಬೀಡಿ ಮುಗಿಯುವುದರೊಳಗೆ ತೀರ್ಮಾನವಾಯಿತು. ಯಾರಿಗೂ ಅನುಮಾನವೇ ಇರಲಿಲ್ಲ. ಅದೇ ಜನರ ಮುಂದೆ, ಪಕ್ಕದ ಗದ್ದೆಯವರು ಬದು ಸರಿಸಿದ್ದು ಸರಿಯಾ ತಪ್ಪಾ ಎಂದು ಕೇಳಿ ನೋಡಿ. ಎಲ್ಲರಿಗೂ ದನ ಕಟ್ಟುವ ಹೊತ್ತಾಗಿಬಿಡುತ್ತದೆ.

ನಮ್ಮ ಮೇಷ್ಟ್ರಿಗೆ ಎಐ ಬಗ್ಗೆ ಬಹಳ ಖಚಿತವಾದ ಅಭಿಪ್ರಾಯವಿದೆ. "ಇನ್ನು ಐದು ವರ್ಷ. ಒಬ್ಬರಿಗೂ ಕೆಲಸ ಇರಲ್ಲ, ಬರೆದಿಟ್ಕೊಳ್ಳಿ" ಎನ್ನುತ್ತಾರೆ. ಬರೆದಿಟ್ಟುಕೊಳ್ಳುವ ಕೆಲಸವೂ ಇರಲ್ಲವಾ ಎಂದು ಡೈರಿ ಹುಡುಗ ಮೆಲ್ಲಗೆ ಕೇಳುತ್ತಾನೆ. ಮೇಷ್ಟ್ರ ಮಗ ಬೆಂಗಳೂರಿನಲ್ಲಿ ಕೋಡ್ ಬರೆಯುವವನು. ಅವನದ್ದೂ ಹೋಗುತ್ತಾ ಸಾರ್ ಎಂದರೆ ಮೇಷ್ಟ್ರು ಫೋನು ಜೇಬಿಗಿಟ್ಟು, "ಅವನದ್ದು ಬೇರೆ ಥರದ ಕೆಲಸ ಮಾರಾಯ" ಎನ್ನುತ್ತಾರೆ. ಯಾವ ಥರ ಎಂದು ಯಾರೂ ಕೇಳಲಿಲ್ಲ. ಕೇಳಬಾರದು ಕೂಡ.

ಅಂಗಡಿಯವರ ಕಥೆ ಇನ್ನೂ ಚೆನ್ನಾಗಿದೆ. ಸಕ್ಕರೆ, ಬೀಡಿ, ಬ್ರೆಡ್ಡು, ಪೆಟ್ರೋಲ್ ಬಾಟ್ಲಿ ಎಲ್ಲ ಇಟ್ಟುಕೊಂಡ ಅಂಗಡಿ. ತೂಕದ ಯಂತ್ರದ ಪಕ್ಕದಲ್ಲೊಂದು ಸೌಂಡ್ ಬಾಕ್ಸು. ಧೂಳು ಕೂರಬಾರದೆಂದು ಅದಕ್ಕೆ ಹಾಲಿನ ಪ್ಯಾಕೆಟ್ಟಿನ ತೊಳೆದ ಕವರು ತೊಡಿಸಿದ್ದಾರೆ. ಇಪ್ಪತ್ತು ರೂಪಾಯಿ ಬಂತು ಎಂದು ಅದು ಒಳಗಿಂದಲೇ ಮೂಗು ಮುಚ್ಚಿಕೊಂಡವರ ಸ್ವರದಲ್ಲಿ ಕೂಗುತ್ತದೆ. ಈ ಅಂಗಡಿಯವರು ಮೊದಲಿಂದಲೂ ತೆರಿಗೆ ಕಳ್ಳರ ವಿರೋಧಿ. ದೊಡ್ಡ ದೊಡ್ಡವರನ್ನು ಹಿಡಿದು ಒಳಗೆ ಹಾಕಬೇಕು, ಎಲ್ಲ ಡಿಜಿಟಲ್ ಆದರೆ ಒಂದು ಪೈಸೆ ಕದಿಯಕ್ಕಾಗಲ್ಲ ಎಂದು ಪೊಟ್ಟಣ ಕಟ್ಟುತ್ತಾ ಹೇಳುತ್ತಿದ್ದರು.

2025ರ ಜುಲೈಯಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ಇಲಾಖೆಯ ನೋಟಿಸು ಬಂತು. ಬಂದದ್ದು ದೂರದ ಊರಿನವರಿಗೆ. ಸರಕು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು ಎಂಬುದು ಹಳೇ ನಿಯಮವೇ. ನಮ್ಮ ಅಂಗಡಿಯ ವ್ಯಾಪಾರ ಅದರ ಹತ್ತಿರಕ್ಕೂ ಹೋಗುವುದಿಲ್ಲ. ಆದರೂ ಮಾರನೇ ದಿನ ಕ್ಯೂಆರ್ ಹಾಳೆ ಗೋಡೆ ಕಡೆ ಮುಖ ಮಾಡಿತ್ತು. ಸೌಂಡ್ ಬಾಕ್ಸು ಅಕ್ಕಿ ಮೂಟೆಯ ಹಿಂದೆ. "ರೇಂಜ್ ಇಲ್ಲ, ಕ್ಯಾಶ್ ಕೊಡಿ" ಎಂದರು. ಫೋನಿನಲ್ಲಿ ಮೂರು ಕಡ್ಡಿ ಕಾಣುತ್ತಿತ್ತು, ಆದರೆ ಅದನ್ನು ತೋರಿಸುವಷ್ಟು ಕೆಟ್ಟವರು ನಾವಲ್ಲ. ಹಳೇ ಬಾಕಿ ವಸೂಲಿ ಮಾಡಲ್ಲ ಎಂದು ಮುಖ್ಯಮಂತ್ರಿ ಹೇಳಿದ ಮೇಲೆ ಹಾಳೆ ನಿಧಾನವಾಗಿ ಈ ಕಡೆ ತಿರುಗಿತು. ದೊಡ್ಡವರನ್ನು ಒಳಗೆ ಹಾಕುವ ಮಾತು ಮಾತ್ರ ಇನ್ನೂ ಬಂದಿಲ್ಲ.

ಇನ್ನು ಅಡಿಕೆ. ಶಿವಮೊಗ್ಗ ಜಿಲ್ಲೆಯಲ್ಲಿ ಅಡಿಕೆ ಬಗ್ಗೆ ತಮಾಷೆ ಮಾಡುವಾಗ ಸ್ವಲ್ಪ ಹುಷಾರಾಗಿರಬೇಕು. ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಒಂದೊಂದು ಬಗೆಯ ಅಡಿಕೆಯ ಧಾರಣೆ ನೋಡದೆ ನಮ್ಮಲ್ಲಿ ಯಾರೂ ಮಲಗುವುದಿಲ್ಲ. ತೋಟ ಇಲ್ಲದವರೂ ನೋಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅಡಿಕೆಯನ್ನು ಕ್ಯಾನ್ಸರ್‌ಕಾರಕ ಎಂದು ಪಟ್ಟಿಗೆ ಸೇರಿಸಿ ಇಪ್ಪತ್ತು ವರ್ಷ ದಾಟಿತು, 2004ರಲ್ಲೇ ಅದರ ವರದಿ ಅಚ್ಚಾಗಿದೆ. ಸಿಗರೇಟಿನ ಬಗ್ಗೆ ಡಾಕ್ಟರು ಹೇಳಿದ್ದನ್ನು ನಾವೆಲ್ಲ ಒಪ್ಪುತ್ತೇವೆ. ಸಾರಾಯಿ ಬಗ್ಗೆಯೂ. ಅಡಿಕೆ ಎಂದ ಕೂಡಲೇ ಅಜ್ಜನ ಪ್ರವೇಶವಾಗುತ್ತದೆ. "ನಮ್ಮಜ್ಜ ತೊಂಬತ್ತು ವರ್ಷ ಕವಳ ಹಾಕಿದ್ರು. ಒಂದು ಹಲ್ಲು ನೋವಿರಲಿಲ್ಲ." ಪ್ರತಿ ಮನೆಯಲ್ಲೂ ಇಂಥ ಒಬ್ಬ ಅಜ್ಜ ಇದ್ದಾರೆ. ಅದೇ ಮನೆಯವರು ಒಳಗೆ ಮಕ್ಕಳ ಕೈಯಲ್ಲಿ ಗುಟ್ಕಾ ಕಂಡರೆ ಬೆನ್ನಿಗೆರಡು ಬಿಡುತ್ತಾರೆ. ಇದು ಕಪಟ ಅಂತ ನನಗನಿಸಲ್ಲ. ಮಗಳ ಮದುವೆ, ಮನೆಯ ಹೆಂಚು, ಬ್ಯಾಂಕಿನ ಸಾಲ ಎಲ್ಲ ಒಂದೇ ಮರಕ್ಕೆ ಆತುಕೊಂಡಿರುವಾಗ ವರದಿಯನ್ನು ಬೆಂಗಳೂರಿನವರ ಹಾಗೆ ಓದಲು ಬರುವುದಿಲ್ಲ.

ತೋಟದೊಳಗೆ ತಂತ್ರಜ್ಞಾನ ಬಂದ ರೀತಿಯನ್ನೂ ನೋಡಬೇಕು. ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆಸುವ ಕೊಳೆರೋಗಕ್ಕೆ ಈಗ ಎಲ್ಲರೂ ಹೊಡೆಯುವ ಬೋರ್ಡೋ ದ್ರಾವಣವನ್ನು ನಾವು ಅಜ್ಜನ ಕಾಲದ ಪದ್ಧತಿ ಅಂದುಕೊಂಡಿದ್ದೇವೆ. ಅಸಲಿಗೆ ಅದೂ ಒಂದು ಕಾಲಕ್ಕೆ ಹೊರಗಿನಿಂದ ಬಂದ ಹೊಸ ವಿದ್ಯೆ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಕೆಲಸಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕೊಳೆರೋಗದ ಬೆನ್ನು ಹತ್ತಿ, 1910ರಲ್ಲಿ ಅದರ ಬಗ್ಗೆ ಬರೆದು, ಫ್ರಾನ್ಸಿನ ದ್ರಾಕ್ಷಿ ತೋಟದ ಔಷಧಿಯನ್ನು ನಮ್ಮ ಅಡಿಕೆ ಕೊನೆಗೆ, ಅಂದರೆ ಗೊನೆಗೆ, ಹೊಡೆಸಿದರು. ಅದಕ್ಕೂ ಮೊದಲು ಮಳೆ ತಾಗದ ಹಾಗೆ ಕೊನೆಗೆ ಕೊಟ್ಟೆ ಎಂಬ ಹೊದಿಕೆ ಕಟ್ಟುತ್ತಿದ್ದರು. ಆ ದ್ರಾವಣದಲ್ಲಿರುವ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟು, ಹೊಡೆದ ಅಡಿಕೆಯನ್ನು ಮನುಷ್ಯರು ತಿನ್ನುವುದು ಹೇಗೆ ಎಂದು ಅಂದಿನ ಮೋರಿಕಟ್ಟೆಯಲ್ಲೂ ಯಾರಾದರೂ ಕೇಳಿಯೇ ಇರಬೇಕು.

ಆ ದ್ರಾವಣ ಮಾಡುವುದನ್ನು ನೋಡುವುದೇ ಚೆಂದ. ಒಂದು ಕಿಲೋ ಮೈಲುತುತ್ತ ಐವತ್ತು ಲೀಟರ್ ನೀರಿಗೆ. ಒಂದು ಕಿಲೋ ಸುಣ್ಣ ಇನ್ನೊಂದು ಐವತ್ತು ಲೀಟರಿಗೆ. ಕಬ್ಬಿಣದ ಡ್ರಮ್ಮು ಆಗದು. ಸುಣ್ಣದ ನೀರಿಗೆ ತುತ್ತದ ನೀರು ಸುರಿಯುತ್ತಾ ಕದಡಿದರೆ ಆಕಾಶದ ಬಣ್ಣ ಬರುತ್ತದೆ. ಆಮೇಲೆ ಉಜ್ಜಿ ಬೆಳ್ಳಗೆ ಮಾಡಿದ ಕತ್ತಿಯ ಅಲುಗನ್ನು ಅದರೊಳಗೆ ಅದ್ದಿ ಸ್ವಲ್ಪ ಹೊತ್ತು ಹಿಡಿಯುತ್ತಾರೆ. ಎತ್ತಿದಾಗ ಅಲುಗಿನ ಮೇಲೆ ಕೆಂಪಗೆ ತಾಮ್ರ ಕೂತಿದ್ದರೆ ಹುಳಿ ಜಾಸ್ತಿ, ಇನ್ನೊಂದಿಷ್ಟು ಸುಣ್ಣ ಹಾಕು. ಕೂರದಿದ್ದರೆ ಹದ ಸರಿ, ಹೊಡಿ. ಇಲ್ಲಿ ಯಾರೂ ವಾದ ಮಾಡುವುದಿಲ್ಲ. ಮೋರಿಕಟ್ಟೆಯಲ್ಲಿ ಪ್ರಪಂಚದ ವಿಜ್ಞಾನವನ್ನೆಲ್ಲ ಪಿತೂರಿ ಎಂದವರೂ ಅಲುಗನ್ನು ಬಗ್ಗಿ ನೋಡಿ ಸುಮ್ನೆ ಸುಣ್ಣ ತರಲು ಹೋಗುತ್ತಾರೆ.

ಫೈಬರ್ ದೋಟಿ, ಅಂದರೆ ಕೊನೆ ಇಳಿಸುವ ಉದ್ದನೆಯ ಕೋಲು, ಬಂದಾಗಲೂ ಹೀಗೇ. ನೆಲದ ಮೇಲೆ ನಿಂತು ಅಷ್ಟು ಎತ್ತರದ ಕೊನೆ ಇಳಿಸುವುದು, ಔಷಧಿ ಹೊಡೆಯುವುದು ಎಂದರೆ ಹುಡುಗಾಟವಾ ಎಂದರು. ಕತ್ತು ನೋವು ಬರುತ್ತೆ ಎಂದರು. ಬಂದದ್ದೂ ನಿಜ. ಆದರೆ ಮರ ಹತ್ತುವ ಕೊನೆಗಾರರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಾ ಬಂದರು. ಇದ್ದವರಿಗೂ ವಯಸ್ಸಾಯಿತು, ಅವರ ಮಕ್ಕಳು ಶಿವಮೊಗ್ಗದಲ್ಲಿ ಆಟೋ ತೆಗೆದುಕೊಂಡರು. ಜಾರುವ ಮರದಿಂದ ಬಿದ್ದು ಸೊಂಟ ಮುರಿದುಕೊಂಡವರು ಯಾವ ಊರಲ್ಲಿಲ್ಲ? ಈಗ ದೋಟಿ ಬೇಡ ಎಂದವರ ಜಗುಲಿಯಲ್ಲೇ ದೋಟಿ ಒರಗಿದೆ. ಅಭಿಪ್ರಾಯ ಯಾವಾಗ ಬದಲಾಯಿತು ಎಂದು ಅವರಿಗೂ ನೆನಪಿಲ್ಲ.

ಎಲೆಚುಕ್ಕಿ ರೋಗದ ಕಾಲದಲ್ಲಿ ಹುಡುಗರು ಸೋಗೆಯ ಫೋಟೊ ತೆಗೆದು ಚಾಟ್‌ಜಿಪಿಟಿಗೆ ಕೇಳುತ್ತಾರೆ. ಅದು ಅಚ್ಚುಕಟ್ಟಾಗಿ, ಬಿಸಿಲು ನೋಡಿ ಶಿಲೀಂಧ್ರನಾಶಕ ಸಿಂಪಡಿಸಿ ಎನ್ನುತ್ತದೆ. ಜುಲೈ ತಿಂಗಳಲ್ಲಿ ಹೊಸನಗರದಲ್ಲಿ ಬಿಸಿಲು! ಪಕ್ಕದ ಮನೆಯ ಹೆಗಡೆಯವರು ಇದನ್ನು ಕೇಳಿ ನಕ್ಕದ್ದು ನಿಂತಿಲ್ಲ. ಆದರೆ ಬ್ಯಾಂಕಿಗೆ ಅರ್ಜಿ ಬರೆಯುವಾಗ ಅವರೂ ಅದರ ಹತ್ತಿರವೇ ಬರೆಸುತ್ತಾರೆ. "ಅರ್ಜಿಗೆ ಅಡ್ಡಿಲ್ಲ, ತೋಟಕ್ಕೆ ಬೇಡ" ಎನ್ನುತ್ತಾರೆ. ಎಐ ಬಗ್ಗೆ ನಾನು ಕೇಳಿದ ಮಾತುಗಳಲ್ಲಿ ಇದು ತಕ್ಕಮಟ್ಟಿಗೆ ಸರಿಯಾದದ್ದು.

ಶಿವಮೊಗ್ಗ ಹತ್ತಿರದ ಸೋಗಾನೆಯ ವಿಮಾನ ನಿಲ್ದಾಣದ ಬಗ್ಗೆ ಜಾಸ್ತಿ ಹೇಳಲಾರೆ. 2023ರಲ್ಲಿ ಉದ್ಘಾಟನೆಯಾಯಿತು, ಕುವೆಂಪು ಹೆಸರಿಟ್ಟರು, ಕಟ್ಟಡದ ಆಕಾರ ಕಮಲದ್ದು ಎಂದು ಒಂದಿಷ್ಟು ದಿನ ಜಗಳವಾಡಿದೆವು. ಹತ್ತುವವರು ಹತ್ತುತ್ತಾರೆ. ಉಳಿದವರಿಗೆ ರಾತ್ರಿ ಬಸ್ಸಿದೆ.

ಸೇತುವೆಯದು ಮಾತ್ರ ಹಾಗಲ್ಲ. 1964ರಲ್ಲಿ ಶರಾವತಿಯ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತ ಮೇಲೆ ಹಿನ್ನೀರಿನ ಆಚೆ ಉಳಿದ ತುಮರಿ ಕಡೆಯವರಿಗೆ ಸಾಗರ ಪೇಟೆ ಎಂದರೆ ಹೊಳೆಯಾಚೆಯ ಊರು. ಲಾಂಚ್ ಹತ್ತಬೇಕು. ಬಸ್ಸು, ಜೀಪು, ಮದುವೆ ದಿಬ್ಬಣ ಎಲ್ಲ ಲಾಂಚಿನ ಮೇಲೆಯೇ ದಾಟಬೇಕು. ಕತ್ತಲಾದರೆ ಅದೂ ಇಲ್ಲ. 2025ರ ಜುಲೈ 14ರಂದು ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವಿನ ಸೇತುವೆ ತೆರೆಯಿತು. ಉದ್ದ ಎರಡು ಕಿಲೋಮೀಟರಿಗೂ ಜಾಸ್ತಿ. ಸಮಾರಂಭಕ್ಕೆ ಯಾರನ್ನು ಸರಿಯಾಗಿ ಕರೆದರು, ಯಾರನ್ನು ಕರೆಯಲಿಲ್ಲ ಎಂದು ಬೆಂಗಳೂರು ದೆಹಲಿಗಳ ನಡುವೆ ಜಗಳವಾಯಿತು. ಬೆಂಗಳೂರಿನ ಗೆಳೆಯರು ಲಾಂಚಿನ ಫೋಟೊ ಹಾಕಿ, ಆ ಸೊಗಸು ಇನ್ನೆಲ್ಲಿ ಎಂದು ನಿಟ್ಟುಸಿರು ಬಿಟ್ಟರು. ನಡುರಾತ್ರಿ ಹೆರಿಗೆ ನೋವು ಬಂದವಳನ್ನು ದಡದಲ್ಲಿ ಕೂರಿಸಿಕೊಂಡು ಬೆಳಕು ಹರಿಯಲು ಕಾದವರಿಗೆ ಆ ಸೊಗಸು ಕಂಡಿರಲಿಕ್ಕಿಲ್ಲ.

ಆದರೆ ಅಲ್ಲಿಯವರನ್ನೇ ಕೇಳಿದರೆ ಖುಷಿಯ ಜತೆಗೆ ಇನ್ನೊಂದು ಮಾತೂ ಬರುತ್ತದೆ. "ಮೊದಲು ಲಾಂಚ್ ನಿಂತಮೇಲೆ ಬಾಗಿಲು ಹಾಕದೆ ಮಲಗ್ತಿದ್ವಿ. ಈಗ ರಾತ್ರಿ ಎರಡು ಗಂಟೆಗೆ ಯಾರ ಕಾರೋ ಹೋಗತ್ತೆ." ಸೇತುವೆ ಬೇಡವಿತ್ತಾ ಹಾಗಾದರೆ? "ಎಂಥಾ ಮಾತು ಮಾರಾಯ್ರೆ! ಬೇಕೇ ಬೇಕು."

ಶರಾವತಿಯ ಪಂಪ್ಡ್ ಸ್ಟೋರೇಜ್ ಯೋಜನೆಯ ಮಾತೂ ಹೀಗೆಯೇ. ಗೇರುಸೊಪ್ಪೆ ಜಲಾಶಯದ ನೀರನ್ನು ಮೇಲಿನ ತಳಕಳಲೆ ಜಲಾಶಯಕ್ಕೆ ಎತ್ತುವುದು, ಬೇಡಿಕೆ ಹೆಚ್ಚಿದ್ದಾಗ ಮತ್ತೆ ಕೆಳಗೆ ಬಿಟ್ಟು 2000 ಮೆಗಾವಾಟ್ ಕರೆಂಟು ತೆಗೆಯುವುದು. ಎತ್ತಲು ಖರ್ಚಾಗುವಷ್ಟು ಕರೆಂಟು ಇಳಿಸಿದಾಗ ಬರುವುದಿಲ್ಲ. ಬಿಸಿಲು ಗಾಳಿಯ ಕರೆಂಟನ್ನು ಕೂಡಿಡಲು ಇದು ಬೇಕು ಎನ್ನುವವರ ಲೆಕ್ಕವೂ ಸುಳ್ಳಲ್ಲ. ಆದರೆ ಸಿಂಗಳೀಕಗಳ ಅಭಯಾರಣ್ಯದ ಒಳಗೆ ಸುರಂಗ ಕೊರೆಯಬೇಕು ಎಂಬಲ್ಲಿ ನನಗೆ ತಡೆಯುತ್ತದೆ. ದೂರದವರು ಇದರ ಬಗ್ಗೆ ನಿಮಿಷಕ್ಕೊಂದರಂತೆ ಬರೆದು ಹಾಕುತ್ತಿದ್ದಾರೆ. ಪರ ಇರುವವರು ವಿರೋಧಿಗಳನ್ನು ಅಭಿವೃದ್ಧಿಯ ಶತ್ರು ಎನ್ನುತ್ತಾರೆ, ವಿರೋಧ ಇರುವವರು ಪರ ಇದ್ದವರನ್ನು ಗುತ್ತಿಗೆದಾರರ ಏಜೆಂಟು ಎನ್ನುತ್ತಾರೆ. ಹಿನ್ನೀರಿನ ಕಡೆಯ ನಮ್ಮ ನೆಂಟರೊಬ್ಬರನ್ನು ನಾನೂ ಕೇಳಿದೆ. ಅವರ ಹಳೇ ಮನೆ ಲಿಂಗನಮಕ್ಕಿಯ ನೀರಿನಡಿ ಇದೆ. ಈಗಿರುವ ಮನೆಯಲ್ಲಿ ಕರೆಂಟು ನಿಂತು ನಿಂತು ಬರುತ್ತದೆ. ನೀವು ಪರವೋ ವಿರೋಧವೋ ಎಂದೆ.

"ಅದಿರ್ಲಿ, ಹಳೇ ಡ್ಯಾಮಿಂದು ಹಕ್ಕುಪತ್ರ ಇನ್ನೂ ಕೊಟ್ಟಿಲ್ಲ. ಅದು ಯಾವ ಆಫೀಸಲ್ಲಿ ಕೇಳ್ಬೇಕು ಅಂತ ನಿಮ್ಮ ಫೋನಲ್ಲಿ ಬರ್ತದ ನೋಡಿ" ಎಂದರು.