ಅಡ್ಡಗೋಡೆಯ ದೀಪಕ್ಕೆ ದಶಾಂಶ ಬಿಂದು

ರಾಜಕಾರಣಿಗಳು ಅಡ್ಡಗೋಡೆಯ ಮೇಲೆ ದೀಪ ಇಡುವುದು ಹೊಸತೇನಲ್ಲ. ಆ ದೀಪದ ಬೆಳಕು ಯಾವ ಕಡೆಗೆ ಎಷ್ಟು ಎಂದು ಅಳೆದು ಕೊಡುವ ವಿದ್ಯೆ ಮಾತ್ರ 1965ರಲ್ಲಿ ಬಂತು. ಗಣಿತಜ್ಞ ಲೋಟ್ಫಿ ಝಾದೆ ಅವರ ಫಝಿ (ಅಂಚು ಮಸುಕಾದ) ಗಣಗಳ ಪ್ರಕಾರ ಯಾರೂ ಒಂದು ಗಣದ ಒಳಗೆ ಪೂರ್ತಿ ಇರಬೇಕಿಲ್ಲ, ಪೂರ್ತಿ ಹೊರಗೂ ಇರಬೇಕಿಲ್ಲ; 0 ಮತ್ತು 1ರ ನಡುವೆ ಎಷ್ಟು ಬೇಕಾದರೂ ಸದಸ್ಯತ್ವ ಪಡೆಯಬಹುದು. ಪಕ್ಷಾಂತರಿಗಳಿಗೆ ಇದು ಮೊದಲೇ ಗೊತ್ತಿತ್ತು, ಸೂತ್ರವೊಂದು ತಿಳಿದಿರಲಿಲ್ಲ.

ಸೂತ್ರ ಸುಲಭ. 'ಅಲ್ಲ' ಎಂದರೆ 1ರಿಂದ ಕಳೆಯುವುದು, 'ಮತ್ತು' ಎಂದರೆ ಎರಡರಲ್ಲಿ ಚಿಕ್ಕದನ್ನು ಆರಿಸುವುದು. ಮಸೂದೆಗೆ ಬೆಂಬಲ 0.5 ಇದ್ದರೆ ವಿರೋಧವೂ 0.5. 'ಬೆಂಬಲಿಸುತ್ತೇನೆ ಮತ್ತು ವಿರೋಧಿಸುತ್ತೇನೆ' ಎಂಬ ಹೇಳಿಕೆಗೆ ಹಳೆಯ ತರ್ಕದಲ್ಲಿ ಸೊನ್ನೆ, ಇಲ್ಲಿ ಅರ್ಧ ಅಂಕ.

'ಸರ್ಕಾರ ಉರುಳುತ್ತದೆಯೇ' ಎಂದು ಹೇಳುವ ಎಕ್ಸ್‌ಪರ್ಟ್ ಸಿಸ್ಟಂ (ತಜ್ಞರ 'ಹೀಗಿದ್ದರೆ ಹೀಗೆ' ನಿಯಮಗಳನ್ನು ತುಂಬಿದ ಕಂಪ್ಯೂಟರ್ ಪ್ರೋಗ್ರಾಂ) ಬೇಕೆಂದು ಒಂದು ಸಮಿತಿಗೆ ಆಸೆಯಾಯಿತು ಎನ್ನಿ. ಬಹುಮತ, ಬೆಲೆ ಏರಿಕೆ, ಪ್ರತಿಭಟನೆ, ನಾಯಕನ ಜನಪ್ರಿಯತೆ, ಅತೃಪ್ತಿ ಎಂಬ ಐದು ಅಂಶ. ಪ್ರತಿಯೊಂದಕ್ಕೂ 'ಬಹಳ ಕಡಿಮೆ'ಯಿಂದ 'ಬಹಳ ಹೆಚ್ಚು'ವರೆಗೆ ಐದು ಮಟ್ಟ. ಯಾವ ಜೋಡಣೆಯನ್ನೂ ಬಿಡದಿದ್ದರೆ 3125 ನಿಯಮ. ರಕ್ತದ ಸೋಂಕು ಪತ್ತೆಹಚ್ಚುತ್ತಿದ್ದ 1970ರ ದಶಕದ ಮೈಸಿನ್ ಎಂಬ ಇಂಥದೇ ಪ್ರೋಗ್ರಾಂ ಸುಮಾರು 600ರಲ್ಲೇ ಮುಗಿಸಿತ್ತು. ಆದರೆ ಬ್ಯಾಕ್ಟೀರಿಯಾ ಹೇಳಿಕೆ ತಿರುಚುವುದಿಲ್ಲವಲ್ಲ. ರಾಜಕೀಯ ತಜ್ಞರನ್ನು ಕೂರಿಸಿ ನಿಯಮ ಕೇಳಿದರೆ 3125ಕ್ಕೂ ಒಂದೇ ಉತ್ತರ: 'ಅದು ಸಂದರ್ಭ ನೋಡಿ ಹೇಳಬೇಕು.'

ಮುಂದಿನದು ಅಂಕ ಕೊಡುವ ಕೆಲಸ. ಇಬ್ರಾಹಿಂ ಮಮ್ದಾನಿ 1970ರ ದಶಕದಲ್ಲಿ ಉಗಿಯಂತ್ರವನ್ನು ಫಝಿ ನಿಯಮಗಳಿಂದ ಹಿಡಿತದಲ್ಲಿಟ್ಟರು, ಅಲ್ಲಿ ಒತ್ತಡಕ್ಕೆ ಗೇಜ್ ಇತ್ತು. ಮುನಿಸಿಗೆ ಎಲ್ಲಿದೆ? ಹಾಗಾಗಿ ಸಭೆಗೆ ತಡವಾಗಿ ಬಂದವರಿಗೆ 0.2, ಫೋನ್ ಸ್ವಿಚ್ ಆಫ್ ಮಾಡಿದವರಿಗೆ 0.7, ರಾಜೀನಾಮೆ ಪತ್ರ ಜೇಬಿನಲ್ಲಿಟ್ಟುಕೊಂಡು ನಗುತ್ತಿರುವವರಿಗೆ 0.95. ಚಾರ್ಲ್ಸ್ ರೇಗಿನ್ ಸಮಾಜ ವಿಜ್ಞಾನಕ್ಕೆ ತಂದ ಫಝಿ ಕ್ರಮದಲ್ಲಿ ಸರಿಯಾಗಿ 0.5ರಲ್ಲಿ ನಿಂತವರದೇ ತಲೆನೋವು. ಅವರು ಸತ್ಯಕೋಷ್ಟಕದ (ಎಲ್ಲ ಜೋಡಣೆಗಳ ಪಟ್ಟಿಯ) ಯಾವ ಸಾಲಿಗೂ ಸೇರದೆ ಲೆಕ್ಕದಿಂದಲೇ ಬಿಟ್ಟುಹೋಗುತ್ತಾರೆ. ಹಾಗಾಗಬಾರದೆಂದು ಸಂಶೋಧಕರು ಅವರಿಗೆ 0.001 ಸೇರಿಸುವುದುಂಟು. ಇಷ್ಟು ಅಗ್ಗಕ್ಕೆ ಯಾರ ನಿಷ್ಠೆಯೂ ಹಿಂದೆಂದೂ ಬದಲಾಗಿರಲಿಲ್ಲ.

ನಿಜವಾದ ಎಡವಟ್ಟು ಆಗುವುದು ಕೊನೆಯ ಹಂತದಲ್ಲಿ. ಎಲ್ಲ ನಿಯಮಗಳ ಫಲವನ್ನೂ ಒಂದರ ಮೇಲೊಂದು ಹೇರಿ, ಆ ಆಕೃತಿಯ ಗುರುತ್ವಕೇಂದ್ರವನ್ನೇ ಉತ್ತರ ಎನ್ನುತ್ತಾರೆ. ಫಝಿ ನಿಯಮಗಳಿಂದ ಓಡುವ ಗಾಡಿಯ ಎದುರಿಗೆ ಮರವಿದೆ ಎನ್ನಿ, ಒಂದು ನಿಯಮ ಎಡಕ್ಕೆ ತಿರುಗಿಸು ಎನ್ನುತ್ತದೆ, ಇನ್ನೊಂದು ಅಷ್ಟೇ ಬಲವಾಗಿ ಬಲಕ್ಕೆ ಎನ್ನುತ್ತದೆ. ಕೇಂದ್ರ ಹಿಡಿದರೆ ಗಾಡಿ ನೆಟ್ಟಗೆ ಮರಕ್ಕೆ. 'ಈಗಲೇ ಚುನಾವಣೆ' 0.8, 'ಐದು ವರ್ಷ ಪೂರೈಸಿ' 0.8 ಎಂದಾಗ ಯಂತ್ರ ಕೊಡುವ ಸಲಹೆ: ಎರಡೂವರೆ ವರ್ಷ ಬಿಟ್ಟು ಚುನಾವಣೆ. ಯಾವ ತಜ್ಞರೂ ಇದನ್ನು ಹೇಳಿರಲಿಲ್ಲ. ಸಮಿತಿ ಮಾತ್ರ ಇದನ್ನೇ 'ಒಮ್ಮತದ ಅಭಿಪ್ರಾಯ' ಎಂದು ವರದಿಯಲ್ಲಿ ಬರೆದುಕೊಳ್ಳುತ್ತದೆ.

'ಏಕೆ' ಎಂದು ಕೇಳಿದರೆ ಮೈಸಿನ್ ತಾನು ಹಿಡಿದ ನಿಯಮವನ್ನು ತೆರೆದು ತೋರಿಸುತ್ತಿತ್ತು. ಸಮಿತಿಯ ಯಂತ್ರದಲ್ಲೂ 'ಏಕೆ' ಎಂಬ ಗುಂಡಿ ಇದೆ. ಒತ್ತಿದರೆ 'ಸಮಿತಿಯನ್ನು ಸಂಪರ್ಕಿಸಿ' ಎಂದು ಬರುತ್ತದೆ.